ಪುಣೆಗೆ ಹೋದ ಅಂಬಲಿ

ಪುಣೆ
10 ಫೆಬ್ರವರಿ 2025

ಶ್ರೀಮತಿ ಪುಟ್ಟತಾಯಮ್ಮನವರಿಗೆ ನಮಸ್ಕಾರ.

ನನ್ನ ಹೆಸರು ಉಮ. ನಿಮ್ಮ ಮಗ ದಿಲೀಪ್ ಅವರಿಗೆ ಮೈಸೂರಿನಲ್ಲಿ ಕರುಳಿನ ಕಾಯಿಲೆಗೆ ಚಿಕಿತ್ಸೆ ನಡೆಯುತ್ತಿದ್ದಾಗ ನಾನು ಅಲ್ಲಿ ಸಂಶೋಧನೆಯ ಕೆಲಸದಲ್ಲಿದ್ದೆ. ಕೊಳವೆ ಬಿಟ್ಟು ಕರುಳು ಪರೀಕ್ಷೆ ಮಾಡಿದ ದಿನ, ಅವರನ್ನು ಕೇಳಿ, ಸಾಸಿವೆ ಕಾಳಿನಷ್ಟು ಚೂರು ತೆಗೆದುಕೊಂಡವಳು ನಾನೇ. "ತಗಳಿ ಮೇಡಂ, ಅಷ್ಟುದ್ದ ಐತಂತಲ್ಲ ಕರುಳು, ಒಂಚೂರು ಹೋದ್ರೆ ಏನಾಯ್ತದೆ" ಎಂದು ಅವರು ನಕ್ಕಿದ್ದರು.

ಆ ಚೂರಿನಿಂದ ಪ್ರಯೋಗಾಲಯದಲ್ಲಿ ಕರುಳಿನ ಒಳಪೊರೆಯನ್ನು ಬೆಳೆಸಿದ್ದೇವೆ. ನೋಡಿದರೆ ರವೆ ಕಾಳಿನಂಥ ಸಣ್ಣ ಗುಳ್ಳೆಗಳು. ನಮ್ಮ ಹೊಟ್ಟೆಯೊಳಗೆ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ. ಯಾವುದು ಕರುಳನ್ನು ಕಾಯುತ್ತದೆ, ಯಾವುದು ಕೆಡಿಸುತ್ತದೆ ಎಂಬುದನ್ನು ಮನುಷ್ಯರ ಹೊಟ್ಟೆಯಲ್ಲಿ ಇಣುಕಿ ನೋಡಲಾಗುವುದಿಲ್ಲ. ಅವುಗಳನ್ನು ಈ ಪೊರೆಯ ಮೇಲೆ ಬಿಟ್ಟು ನೋಡಬಹುದು.

ದಿಲೀಪ್ ಅವರು ಕೊಟ್ಟ ಅಂಗಾಂಶ ಈಗಲೂ ಜೀವಂತವಾಗಿದೆ. ಅವರು ಈಗ ಇಲ್ಲದ ಕಾರಣ ಅದನ್ನು ಹೊಸ ಕೆಲಸಕ್ಕೆ ಬಳಸಲು ಮನೆಯವರ ಒಪ್ಪಿಗೆ ಬೇಕು. ಅವರ ಪತ್ನಿ ರಂಜಿತ ಅವರಿಗೂ ಬರೆದಿದ್ದೇನೆ. ಬೇಡವೆಂದರೆ ಇಲ್ಲಿಗೇ ನಿಲ್ಲಿಸುತ್ತೇವೆ, ಸಂಕೋಚ ಬೇಡ.

ಇಂತಿ,
ಉಮ

*

ಚಿನಕುರಳಿ
24 ಫೆಬ್ರವರಿ 2025

ಉಮಾ ಮೇಡಂಗೆ ಪುಟ್ಟತಾಯಮ್ಮ ಬರೆಯುವುದು.

ನಿನ್ನ ಮುಖ ನನಗೆ ಚೆನ್ನಾಗಿ ನೆನಪಿದೆ. ನೀಲಿ ಚೂಡಿದಾರ, ಕೆದರಿದ ತಲೆ. "ಅವ್ವ, ಈಯಮ್ಮ ನಾಗಮಂಗಲದ ಕಡೇರು ಕಣವ್ವ, ನಮ್ಮ ಮಾತೇ ಆಡ್ತಾರೆ" ಅಂತ ದಿಲೀಪ ತೋರಿಸಿದ್ದ. ನಿನಗೆ ನಾನು ಕೋಡುಬಳೆ ಕೊಟ್ಟೆ, ನೀನು ಬೇಡ ಬೇಡ ಅಂತ ಮೂರು ತಿಂದೆ. ಆದ್ದರಿಂದ ಮೇಡಂ ಅಂದಿದ್ದು ಇದೊಂದೇ ಸಲ. ಕಾಗದದ ಕೆಳಗೆ ನಿನ್ನ ಫೋನ್ ನಂಬರೂ ಇತ್ತು. ಫೋನಿನಲ್ಲಿ ನನಗೆ ಅಳು ಬಂದುಬಿಡುತ್ತದೆ. ಕಾಗದದಲ್ಲಾದರೆ ಅತ್ತರೂ ನಿನಗೆ ಕೇಳಿಸುವುದಿಲ್ಲ. ಅಂಗನವಾಡಿಯಲ್ಲಿ ಆಯುಸ್ಸು ಕಳೆದವಳು, ಬರೆಯುವುದಕ್ಕೇನೂ ತೊಂದರೆಯಿಲ್ಲ.

ಜೀವಂತವಾಗಿದೆ ಅಂತ ಬರೆದಿದ್ದೀಯ. ಅಲ್ಲಿಂದ ಮುಂದಕ್ಕೆ ಓದಲಾಗದೆ ಎದ್ದುಹೋಗಿ ಹಸುವಿಗೆ ಹುಲ್ಲು ಹಾಕಿ ಬಂದು ಮತ್ತೆ ಓದಿದೆ. ಹೋದ ಪಿತೃಪಕ್ಷದಲ್ಲಿ ಅವನಿಗೆ ಎಡೆ ಇಟ್ಟೆವು. ಹೊಸ ಪಂಚೆ, ಶರಟು, ಮುದ್ದೆ, ಬಾಡಿನ ಸಾರು ಎಲ್ಲ ಇಟ್ಟೆವು. ಜೀವ ಇರುವವರಿಗೆ ಎಡೆ ಇಡಬಾರದು ಕಣವ್ವ. ಅದು ಸಾಯಲಿ ಅಂದ ಹಾಗೆ. ಅವನ ಚೂರು ಅಲ್ಲಿ ಬದುಕಿರುವಾಗ ನಾವಿಲ್ಲಿ ಎಡೆ ಇಟ್ಟು ಬಾಗಿಲು ಹಾಕಿಕೊಂಡು ಕೂತಿದ್ದೆವಲ್ಲ, ಅದು ಸರಿಯೇ? ನಮ್ಮ ಯಜಮಾನರು ಚಿಕ್ಕಸ್ವಾಮಿ ಹತ್ತಿರ ಕೇಳಿದೆ. "ನಾನೇ ಮಣ್ಣಾಕಿ ಬಂದಿವ್ನಿ, ಇನ್ನೆಲ್ಲಿ ಜೀವ ಕಣಮ್ಮಿ" ಅಂದವರು ಎದ್ದು ಕೊಟ್ಟಿಗೆಗೆ ಹೋದರು. ಈ ವರ್ಷ ಎಡೆ ಬೇಡ ಅನ್ನಿಸಿದೆ ನನಗೆ.

ಅದಕ್ಕೆ ಹಸಿವು ಆಗುತ್ತದೆಯೇ? ಏನು ಹಾಕುತ್ತೀಯ? ಒಪ್ಪಿಗೆಯ ವಿಷಯ ಆಮೇಲೆ.

ಪುಟ್ಟತಾಯಮ್ಮ

*

ಪುಣೆ
8 ಮಾರ್ಚ್ 2025

ಪುಟ್ಟತಾಯಮ್ಮನವರಿಗೆ,

ಆ ಮಾತನ್ನು ಹಾಗೆ ಬರೆಯಬಾರದಿತ್ತು. ನನಗೆ ಅದು ದಿನಾ ಬಳಸುವ ಮಾತು. ತಾಯಿ ಓದುತ್ತಾರೆ ಎಂದು ಯೋಚಿಸಲಿಲ್ಲ, ತಪ್ಪಾಯಿತು.

ಅದು ದಿಲೀಪ್ ಅಲ್ಲ ಅಮ್ಮ. ಅದಕ್ಕೆ ನೋವಿಲ್ಲ, ನೆನಪಿಲ್ಲ, ನಿಮ್ಮ ದನಿ ಗೊತ್ತಿಲ್ಲ. ಕರುಳಿನ ಗೋಡೆಯ ಕೆಲಸವನ್ನಷ್ಟೇ ಬಲ್ಲದು. ಬೇಕಾದ್ದನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಬೇಡದ್ದನ್ನು ತಡೆಯುತ್ತದೆ. ನೀವು ಇಟ್ಟ ಎಡೆ ಸರಿಯಾಗಿಯೇ ಇತ್ತು. ಈ ವರ್ಷವೂ ಇಡಿ.

ಹಸಿವಿನ ಮಾತು ಕೇಳಿದಿರಿ. ಸಕ್ಕರೆ, ಉಪ್ಪು, ಸತ್ವ ಎಲ್ಲ ಸೇರಿದ ಗುಲಾಬಿ ಬಣ್ಣದ ನೀರು ಹಾಕುತ್ತೇವೆ. ದಿನ ಬಿಟ್ಟು ದಿನ ಬದಲಾಯಿಸಬೇಕು. ಮರೆತರೆ ಸೊರಗುತ್ತದೆ. ತಟ್ಟೆಯ ಮೇಲೆ ಹೆಸರು ಬರೆಯುವಂತಿಲ್ಲ, ಅಂಕಿ ಮಾತ್ರ. ಆದರೂ ಆ ತಟ್ಟೆ ಎತ್ತುವಾಗ ನನಗೆ ಕೋಡುಬಳೆ ನೆನಪಾಗುತ್ತದೆ. ಮೂರಲ್ಲ, ಎರಡು ತಿಂದದ್ದು.

ಉಮ

*

ಚಿನಕುರಳಿ
3 ಏಪ್ರಿಲ್ 2025

ಉಮಾ,

ಮೂರೇ. ನಾನು ಮಕ್ಕಳ ತಟ್ಟೆ ಎಣಿಸಿದವಳು, ನನಗೆ ಹೇಳಬೇಡ.

ಯುಗಾದಿ ಆಯಿತು. ಒಬ್ಬಟ್ಟು ಮಾಡಿದೆ, ಯಾರಿಗೂ ಸೇರಲಿಲ್ಲ. ಅದು ದಿಲೀಪ ಅಲ್ಲ ಅಂತ ನೀನು ಬರೆದದ್ದು ಅರ್ಥವಾಯಿತು. ಅರ್ಥವಾಗುವುದು ಬೇರೆ, ಮನಸ್ಸು ಕೇಳುವುದು ಬೇರೆ. ಕೇಳುತ್ತದೆ ಬಿಡು, ನಿಧಾನವಾಗಿ.

ನಿನ್ನ ಗುಲಾಬಿ ನೀರು ಓದಿ ನಗು ಬಂತು. ಹೊಟ್ಟೆಯ ಜೀವಿಗಳನ್ನು ಅದರ ಮೇಲೆ ಬಿಟ್ಟು ನೋಡುತ್ತೀರಂತಲ್ಲ, ಹಾಗಾದರೆ ನಮ್ಮ ಮನೆಯ ಅಂಬಲಿಯನ್ನೂ ಬಿಟ್ಟು ನೋಡು. ಅದರ ಹುಳಿಯಲ್ಲೂ ಜೀವ ಇದೆ ಅಂತ ನಮ್ಮ ತರಬೇತಿಯಲ್ಲಿ ಹೇಳಿದ್ದರು. ದಿಲೀಪ ಹಾಲು ಬಿಟ್ಟಮೇಲೆ ಕುಡಿದು ಬೆಳೆದದ್ದು ಅದನ್ನೇ. ನಾನು ಗೋವಿಂದನಹಳ್ಳಿಯಿಂದ ಮದುವೆಯಾಗಿ ಬರುವಾಗ ನಮ್ಮವ್ವ ಒಂದು ಚೊಂಬಿನಲ್ಲಿ ಹುಳಿ ಅಂಬಲಿ ಕೊಟ್ಟು, "ಮಡಕೆ ತಳ ಪೂರ್ತಿ ತೊಳೀಬ್ಯಾಡ, ಒಂದೀಟು ಗಸಿ ಬುಟ್ಟು ಅದರ ಮ್ಯಾಲೇ ಉಯ್ಯಿ" ಅಂದಿದ್ದಳು. ಇವತ್ತಿನವರೆಗೂ ಹಾಗೇ ನಡೆದಿದೆ.

ಒಂದು ಬಾಟಲಿ ಕಳಿಸಿದ್ದೇನೆ. ಚೆಲ್ಲಬಾರದು ಅಂತ ಮುಚ್ಚಳ ಬಿಗಿಯಾಗಿ ತಿರುಗಿಸಿ ಮೇಲೆ ಟೇಪು ಸುತ್ತಿದ್ದೇನೆ. ಪಾಂಡವಪುರದ ಕೊರಿಯರ್ ಅಂಗಡಿಯ ತಿಮ್ಮೇಶ "ಏನಮ್ಮ, ಸಾರಾಯಿ ಗೀರಾಯಿ ಅಲ್ಲ ತಾನೆ" ಅಂತ ಮೂಸಿ ಮೂಸಿ ನೋಡಿದ. ಸುಮ್ಮನೆ ಕಳಿಸಿದೆ, ಬೇರೇನಿಲ್ಲ.

ಪುಟ್ಟತಾಯಮ್ಮ

*

ಪುಣೆ
16 ಏಪ್ರಿಲ್ 2025

ಅಮ್ಮ,

ನಿಮ್ಮ ಅಂಬಲಿ ಬಂತು. ಬಂತು ಅನ್ನುವುದಕ್ಕಿಂತ ಹಾರಿತು ಎನ್ನಬೇಕು. ದಾರಿಯ ಬಿಸಿಲಿಗೆ ಹುಳಿ ಉಕ್ಕಿ, ನಮ್ಮ ಕಚೇರಿಯ ಟಪಾಲು ಮೇಜಿನ ಮೇಲೆ ಮುಚ್ಚಳ ಸಿಡಿದು, ನಿರ್ದೇಶಕರ ಹೆಸರಿಗೆ ಬಂದ ಲಕೋಟೆಗಳೆಲ್ಲ ಅಂಬಲಿಯಲ್ಲಿ ಮಿಂದವು. ಎಲ್ಲರೂ ಮೂಗು ಮುಚ್ಚಿಕೊಂಡರು. ನಾನೊಬ್ಬಳು ಅಲ್ಲೇ ನಿಂತಿದ್ದೆ. ನಮ್ಮವ್ವ ಬೈರಮ್ಮನ ಅಡುಗೆಮನೆಯ ವಾಸನೆ ಅದು. ಮನೆಯಲ್ಲಿ ಅಂಬಲಿ ಕುಡಿದು ಎಷ್ಟು ವರ್ಷವಾಯಿತೋ.

ಬಟ್ಟೆಯಲ್ಲಿ ಒರೆಸಿದ್ದನ್ನು ಪರೀಕ್ಷೆ ಮಾಡಲಾಗದು. ಆದರೆ ಹುಳಿ ಬರಿಸಿದ ಆಹಾರಗಳ ಮೇಲೆ ನಮ್ಮಲ್ಲಿ ಕೆಲಸ ನಡೆಯುತ್ತಿದೆ, ಅನುಮತಿ ಪಡೆದು ಇದನ್ನೂ ಸೇರಿಸಬಹುದು. ಅದಕ್ಕೆ ನಿಮ್ಮದೂ ರಂಜಿತ ಅವರದೂ ಒಪ್ಪಿಗೆ ಬೇಕು.

ಒಂದು ಮಾತು. ಸುಮ್ಮನೆ ಕಳಿಸಿದೆ ಅಂದಿರಿ. ಸುಮ್ಮನೆ ಯಾರೂ ಚಿನಕುರಳಿಯಿಂದ ಪುಣೆಗೆ ಅಂಬಲಿ ಕಳಿಸುವುದಿಲ್ಲ. ನಿಮಗೆ ಏನು ತಿಳಿಯಬೇಕಾಗಿದೆ?

ಉಮ

*

ಚಿನಕುರಳಿ
5 ಮೇ 2025

ಮಗಳೇ ಉಮಾ,

ನಿನ್ನ ಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದೆ. ಈಗ ಬರೆಯುತ್ತಿದ್ದೇನೆ.

ದಿಲೀಪನ ಕರುಳು ತೂತಾಗಿ ಆಪರೇಶನ್ ಆದಮೇಲೆ, ಹೊಟ್ಟೆಯ ಕ್ರಿಮಿ ರಕ್ತಕ್ಕೆ ಸೇರಿಬಿಟ್ಟಿದೆ ಅಂತ ಡಾಕ್ಟರು ಹೇಳಿದರು. ಅಲ್ಲಿಂದ ಅವನು ಏಳಲಿಲ್ಲ. ತಿಥಿಯ ದಿನ ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ರಂಜಿತ ಒಳಗಿಂದ ಬಂದು ನಿಂತಳು. "ಹುಳಿತಿರೋ ಅಂಬಲಿ ಕುಡ್ಸಿ ಕುಡ್ಸಿ ಕರುಳು ತೂತು ಮಾಡ್ಬುಟ್ರಿ ಅತ್ತೆ" ಅಂದಳು. ಕೂಗಿ ಹೇಳಲಿಲ್ಲ, ಮೆಲ್ಲಗೇ ಹೇಳಿದಳು. ಬಡಿಸುತ್ತಿದ್ದ ಸೌಟು ನನ್ನ ಕೈಯಲ್ಲೇ ಉಳಿಯಿತು.

ಅವಳನ್ನು ನಾನು ಬೈಯುವುದಿಲ್ಲ. ಗಂಡನನ್ನು ಕಳೆದುಕೊಂಡವಳು. ಈಗ ಬಾಬುರಾಯನಕೊಪ್ಪಲಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು ಶ್ರೀರಂಗಪಟ್ಟಣದ ಸ್ಕೂಲಿನಲ್ಲಿ ಟೀಚರಾಗಿದ್ದಾಳೆ. ಭಾನುವಾರ ಭಾನುವಾರ ಮೊಮ್ಮಗಳು ಚಿನ್ನುವನ್ನು ಕರೆದುಕೊಂಡು ಬರುತ್ತಾಳೆ. ಬರುವಾಗ ಮಗುವಿನ ಊಟ ಡಬ್ಬಿಯಲ್ಲಿ ತರುತ್ತಾಳೆ. ಸ್ಟೀಲು ಡಬ್ಬಿ. ನಮ್ಮ ಜಗುಲಿಯ ಮೇಲೆ ಕೂರಿಸಿ ಅದರಲ್ಲೇ ತಿನ್ನಿಸಿ, ಅವರ ಬಾಟಲಿಯ ನೀರೇ ಕುಡಿಸಿ, ಸಾಯಂಕಾಲದ ಬಸ್ಸಿಗೆ ಹೊರಡುತ್ತಾಳೆ. ಚಿನ್ನು ನನ್ನ ಕಡೆ ನೋಡಿಕೊಂಡು ತಿನ್ನುತ್ತದೆ. ಊರಿನ ಅರ್ಧ ಮಕ್ಕಳು ನನ್ನ ಕೈತುತ್ತು ತಿಂದು ಬೆಳೆದವು ಉಮಾ. ನನ್ನ ಮೊಮ್ಮಗಳಿಗೆ ಮಾತ್ರ ನನ್ನ ಮನೆಯ ಒಂದು ಅಗುಳು ಇಲ್ಲ.

ಹೋದ ವರ್ಷ ಎಡೆಗೆ ಅಂಬಲಿ ಇಡಲಿಲ್ಲ ನಾನು. ಅವನಿಗೆ ಇಷ್ಟವಾದದ್ದನ್ನೇ ಇಡಲಿಲ್ಲ. ಕೈ ಬರಲಿಲ್ಲ.

ನನಗೆ ತಿಳಿಯಬೇಕಾದ್ದು ಇಷ್ಟೇ. ನಾನು ಕೊಟ್ಟ ಅಂಬಲಿ ನನ್ನ ಮಗನನ್ನು ಕೊಂದಿತೇ? ಅವನ ಕರುಳಿನ ಚೂರು ನಿನ್ನ ಹತ್ತಿರ ಇದೆ. ಕೇಳು ಅದನ್ನು.

ಬಾಟಲಿ ಬೇಡ ಅಂತ ಈ ಸಲ ಮಡಕೆಯ ಗಸಿಯನ್ನು ತೊಳೆದ ಬಟ್ಟೆಯ ಮೇಲೆ ಸವರಿ ನೆರಳಲ್ಲಿ ಒಣಗಿಸಿ ಕಳಿಸಿದ್ದೇನೆ. ರುಜುವನ್ನೂ ಹಾಕಿದ್ದೇನೆ, ಈ ಪರೀಕ್ಷೆಯೊಂದಕ್ಕೆ ಮಾತ್ರ. ಮುಂದಿನದು ನಿನ್ನ ಉತ್ತರ ಬಂದಮೇಲೆ. ರಂಜಿತಳ ರುಜು ನೀನೇ ಕೇಳಿಕೊ. ನನಗೆ ಧೈರ್ಯವಿಲ್ಲ.

ಪುಟ್ಟತಾಯಮ್ಮ

*

ಚಿನಕುರಳಿ
29 ಜೂನ್ 2025

ಉಮಾ,

ಮಳೆ ಬಂತು. ಚಿಕ್ಕ ಮಗ ಸಂತೋಷ ರಾಗಿ ಹೊಲಕ್ಕೆ ಟ್ರಾಕ್ಟರು ಬಿಟ್ಟಿದ್ದಾನೆ. ನಿನ್ನಿಂದ ಕಾಗದವಿಲ್ಲ. ಒಳ್ಳೆಯ ಸುದ್ದಿಯಾದರೆ ನಿಧಾನವಾಗಿ ಬರೆ, ಕೆಟ್ಟದ್ದಾದರೆ ಬೇಗ ಬರೆದುಬಿಡು.

ಪುಟ್ಟತಾಯಮ್ಮ

*

ಪುಣೆ
20 ಜುಲೈ 2025

ಅಮ್ಮ,

ತಡವಾಯಿತು. ಅನುಮತಿ ಸಿಗಲು ಸಮಯ ಹಿಡಿಯಿತು. ರಂಜಿತ ಅವರೂ ರುಜು ಹಾಕಿ ಕಳಿಸಿದರು.

ನಿಮ್ಮ ಬಟ್ಟೆಯಿಂದ ಅಂಬಲಿಯ ಜೀವಿಗಳು ಚೆನ್ನಾಗಿ ಎದ್ದವು. ದಿಲೀಪ್ ಅವರ ಅಂಗಾಂಶವನ್ನು ತೆಳ್ಳಗಿನ ಪೊರೆಯಾಗಿ ಹರಡಿ, ಅದರ ಮೇಲೆ ಅವನ್ನು ಬಿಟ್ಟು ಕಾದೆವು. ಪೊರೆಗೆ ಏನೂ ಆಗಲಿಲ್ಲ. ಒಂದಿಷ್ಟೂ ಸೋರಲಿಲ್ಲ. ಮತ್ತೆ ಮತ್ತೆ ಮಾಡಿದೆವು, ಹಾಗೇ ಗಟ್ಟಿಯಾಗಿತ್ತು. ನಿಮ್ಮ ಅಂಬಲಿ ಒಳ್ಳೆಯದು ಅಮ್ಮ. ಇನ್ನು ಆ ಚಿಂತೆ ಬಿಡಿ. ರಂಜಿತ ಅವರಿಗೂ ಈ ಕಾಗದ ತೋರಿಸಿ. ಚಿನ್ನುಗೆ ನಿಮ್ಮ ಕೈಯಾರೆ ತಿನ್ನಿಸಿ.

ಈ ಸಲದ ಎಡೆಗೆ ಅಂಬಲಿ ಇಡಿ.

ನಿಮ್ಮ ಉಮ

*

ಚಿನಕುರಳಿ
4 ಆಗಸ್ಟ್ 2025

ಉಮಾ,

ಕಾಗದ ಓದಿ ಎದೆ ತುಂಬಿ ಬಂತು. ಯಜಮಾನರಿಗೂ ಓದಿ ಹೇಳಿದೆ. ಅವರು ಟವೆಲಿನಲ್ಲಿ ಮುಖ ಒರೆಸಿಕೊಂಡು "ನಾನು ಮೊದ್ಲೇ ಯೋಳಿರ್ನಿಲ್ವ" ಅಂದರು. ಮೊದಲು ಏನೂ ಹೇಳಿರಲಿಲ್ಲ ಅವರು.

ಆಮೇಲೆ ಭಾನುವಾರ ರಂಜಿತ ಬಂದಳು. ಕಾಗದ ತೋರಿಸಬೇಕು ಅಂತ ಕೈಯಲ್ಲಿ ಹಿಡಿದುಕೊಂಡೆ. ತೋರಿಸಲಿಲ್ಲ.

ಯಾಕೆಂದರೆ ಉಮಾ, ನಿನ್ನ ಕಾಗದ ಬಹಳ ಚೆನ್ನಾಗಿದೆ. ಅದಕ್ಕೇ ನಂಬಿಕೆ ಬರಲಿಲ್ಲ. ಅಂಗನವಾಡಿಯಲ್ಲಿ ತೂಕ ಕಡಿಮೆ ಇರುವ ಮಗುವಿನ ತಾಯಿ ಬಂದರೆ ನಾನು ಮೊದಲು "ಮಗುವಿನ ಕೂದಲು ಎಷ್ಟು ಚೆನ್ನಾಗಿದೆ ನೋಡು ಮಾದಮ್ಮ" ಅನ್ನುತ್ತಿದ್ದೆ. ತೂಕದ ಮಾತು ಆಮೇಲೆ. ನೀನು ನನಗೆ ಕೂದಲಿನ ಮಾತು ಬರೆದಿದ್ದೀಯ.

ಅವನ ಕರುಳು ಕಡೆಯಲ್ಲಿ ಗಟ್ಟಿಯಾಗಿರಲಿಲ್ಲವಲ್ಲ. ಹುಣ್ಣಾಗಿತ್ತು. ಹುಣ್ಣಾದ ಕರುಳಿನ ಮೇಲೆ ಬಿಟ್ಟು ನೋಡಿದೆಯಾ? ನೋಡಿದ್ದರೆ ಬರೆ. ನಾನು ಮಗನನ್ನೇ ಕಳೆದುಕೊಂಡವಳು, ನಿನ್ನ ಕಾಗದಕ್ಕೆ ಸಾಯುವುದಿಲ್ಲ.

ಪುಟ್ಟತಾಯಮ್ಮ

*

ಪುಣೆ
18 ಆಗಸ್ಟ್ 2025

ಅಮ್ಮ,

ನೋಡಿದ್ದೆ. ಹೋದ ಕಾಗದ ಬರೆಯುವ ಹೊತ್ತಿಗೇ ನೋಡಿದ್ದೆ. ನಿಮ್ಮ ಜಗುಲಿಯ ಮೇಲಿನ ಡಬ್ಬಿ ಕಣ್ಣಿಗೆ ಕಟ್ಟಿ, ಅರ್ಧವನ್ನಷ್ಟೇ ಬರೆದೆ. ನಿಮಗೆ ಕಡಿಮೆ ಹೇಳಿದ್ದಕ್ಕೆ ನಾಚಿಕೆಯಾಗುತ್ತಿದೆ. ಈಗ ಪೂರ್ತಿ ಬರೆಯುತ್ತೇನೆ.

ದಿಲೀಪ್ ಅವರ ಕಾಯಿಲೆಯಲ್ಲಿ ಇರುವಂಥ ಉರಿಯನ್ನು ಪೊರೆಗೆ ತರಿಸಿ, ಅಲ್ಲಲ್ಲಿ ಅದು ಬಿರುಕು ಬಿಡುವಂತೆ ಮಾಡಿ, ಆಮೇಲೆ ಅಂಬಲಿಯ ಜೀವಿಗಳನ್ನು ಬಿಟ್ಟೆವು. ಅವು ಒಳಗೆ ದಾಟಿದವು. ಮೊಸರಿನ ಜೀವಿಗಳನ್ನು ಬಿಟ್ಟೆವು, ಅವೂ ದಾಟಿದವು. ಆರೋಗ್ಯವಂತರ ಹೊಟ್ಟೆಯಲ್ಲಿ ಯಾವಾಗಲೂ ಇರುವ ಜೀವಿಗಳೂ ದಾಟಿದವು. ಬಿರುಕು ಬಿಟ್ಟ ಪೊರೆ ಯಾರನ್ನೂ ತಡೆಯಲಾರದು.

ಪೊರೆ ಬಿರುಕು ಬಿಡುವುದಕ್ಕೆ ಅಂಬಲಿ ಕಾರಣ ಎಂದು ನಮಗೆ ಎಲ್ಲೂ ಕಾಣಲಿಲ್ಲ. ಇದನ್ನು ಖಂಡಿತವಾಗಿ ಹೇಳುತ್ತೇನೆ. ಆದರೆ ಕೊನೆಗೆ ಅವರ ರಕ್ತಕ್ಕೆ ಸೇರಿದ್ದು ಯಾವುದು ಎಂದು ಈ ಚೂರು ಹೇಳಲಾರದು. ಅಂಬಲಿಯದೇ ಎನ್ನಲು ಆಧಾರವಿಲ್ಲ, ಅಲ್ಲವೇ ಅಲ್ಲ ಎನ್ನಲೂ ನನಗೆ ಬಾಯಿಲ್ಲ. ತಟ್ಟೆಯಲ್ಲಿ ಬೆಳೆದದ್ದು ಮನುಷ್ಯನ ಹೊಟ್ಟೆಯಲ್ಲ. ನಾನು ನಿಮಗೆ ಕೊಡಬೇಕೆಂದಿದ್ದ ಉತ್ತರ ನನ್ನ ಹತ್ತಿರ ಇಲ್ಲ ಅಮ್ಮ.

ಇನ್ನೊಂದನ್ನೂ ಮುಚ್ಚಿಟ್ಟಿದ್ದೆ. ಅದು ನನ್ನದಲ್ಲದ ಮಾತಾದ್ದರಿಂದ ಬರೆದಿರಲಿಲ್ಲ. ಈಗ ಅವರೇ ಬರೆಯಿರಿ ಅಂದಿದ್ದಾರೆ. ಮೊದಲ ಕಾಗದ ತಲುಪಿದಾಗಿನಿಂದ ರಂಜಿತ ನನಗೆ ಫೋನ್ ಮಾಡುತ್ತಿದ್ದಾರೆ. ಪ್ರತಿಸಲವೂ ಒಂದೇ ಪ್ರಶ್ನೆ. "ನನ್ನ ಮಗೀಗೂ ಬತ್ತದಾ ಮೇಡಂ?" ಅಪ್ಪನಿಗಿದ್ದರೆ ಮಕ್ಕಳಿಗೆ ಬರುವ ಸಂಭವ ಸ್ವಲ್ಪ ಹೆಚ್ಚು, ಆದರೆ ಹೆಚ್ಚಿನ ಮಕ್ಕಳಿಗೆ ಬರುವುದೇ ಇಲ್ಲ ಎಂದು ಹೇಳಿದ್ದೇನೆ. ಅವರು ನಿದ್ದೆ ಬಿಟ್ಟಿದ್ದಾರೆ. ಹೊರಗಿನ ಹೋಟೆಲಿನದ್ದೂ ಕೊಡುವುದಿಲ್ಲವಂತೆ, ಸ್ವಂತ ತವರಿನಲ್ಲೂ ಡಬ್ಬಿಯೇ ಅಂತೆ. ಆ ಡಬ್ಬಿ ನಿಮ್ಮ ಮೇಲಿನ ಕೋಪ ಎಂದುಕೊಂಡಿದ್ದಿರಿ. ನಾನೂ ಹಾಗೇ ತಿಳಿದಿದ್ದೆ. ಅದು ಹೆದರಿಕೆ ಅಮ್ಮ.

ಚಿನ್ನು ಆರೋಗ್ಯವಾಗಿದ್ದಾಳೆ. ಅವಳಿಗೆ ಅಂಬಲಿಯಿಂದ ತೊಂದರೆಯಿಲ್ಲ ಎಂದು ರಂಜಿತ ಅವರಿಗೂ ಹೇಳಿದ್ದೇನೆ.

ಉಮ

*

ಚಿನಕುರಳಿ
23 ಸೆಪ್ಟೆಂಬರ್ 2025

ಮಗಳೇ ಉಮಾ,

ನಿನ್ನ ಕಾಗದ ಬಂದು ತಿಂಗಳು ದಾಟಿತು. ಉತ್ತರ ಬರೆಯದೆ ಇದ್ದದ್ದು ಸಿಟ್ಟಿಗಲ್ಲ. ಎರಡು ದಿನ ಒಲೆ ಹಚ್ಚಲಿಲ್ಲ ನಾನು. ಸಂತೋಷನೇ ಅನ್ನ ಮಾಡಿ ಅಪ್ಪನಿಗೆ ಬಡಿಸಿದ. ಯಾವತ್ತಿಗೂ ಗೊತ್ತಾಗುವುದಿಲ್ಲ ಅನ್ನುವುದನ್ನು ನುಂಗುವುದು ಕಷ್ಟ. ಆದರೆ ನುಂಗಿದಮೇಲೆ ಒಂದು ತೆರ ಸಮಾಧಾನವೂ ಬಂತು. ಸುಳ್ಳಿನ ಮೇಲೆ ಕೂತಿದ್ದರೆ ದಿನಾ ಅಲ್ಲಾಡುತ್ತಿತ್ತು.

ಮೊನ್ನೆ ಭಾನುವಾರವೇ ಅಮಾವಾಸ್ಯೆ ಬಂತು, ಎಡೆ ಇಟ್ಟೆವು. ರಂಜಿತ ಬೆಳಿಗ್ಗೆಯೇ ಬಂದಳು. ಕೈಯಲ್ಲಿ ಅದೇ ಚೀಲ. ಅವಳನ್ನು ಅಡುಗೆಮನೆಯಲ್ಲಿ ಮಣೆ ಹಾಕಿ ಕೂರಿಸಿ, ನಿನ್ನ ಎರಡು ಕಾಗದಗಳನ್ನೂ ಓದಿದೆ. ಚೆನ್ನಾಗಿದ್ದದ್ದನ್ನೂ ಓದಿದೆ, ಆಮೇಲಿನದನ್ನೂ ಓದಿದೆ. ಅವಳ ಹೆದರಿಕೆಯ ಮಾತು ಬಂದಾಗ ಕಾಗದ ಕೆಳಗಿಟ್ಟೆ. ಮಿಕ್ಕಿದ್ದನ್ನು ಅವಳೇ ತೆಗೆದುಕೊಂಡು ಓದಿ ಮುಗಿಸಿದಳು.

"ಆವತ್ತು ಅಂಗೆ ಅನ್ಬಾರದಾಗಿತ್ತು ಅತ್ತೆ" ಅಂದಳು.

"ನಿಂಗೆ ಇಷ್ಟು ದಿಗಿಲು ಅದೆ ಅಂತ ನಂಗೇನವ್ವ ಗೊತ್ತು. ನನ್ನ ಮ್ಯಾಲೆ ಮುನಿಸು ಅನ್ಕಂಡಿದ್ದೆ" ಅಂದೆ.

"ಮುನಿಸೂ ಇತ್ತು" ಅಂದಳು. ಇಬ್ಬರಿಗೂ ಅಳು ಬಂತು, ನಗುವೂ ಬಂತು. ಯಜಮಾನರು ಬಾಗಿಲಲ್ಲಿ ಬಂದು ನೋಡಿ, ಏನೂ ತಿಳಿಯದೆ, "ಸಾರು ತಳ ಹತ್ತುತದೆ ನೋಡ್ಕಳಿ" ಅಂತ ಹೇಳಿಹೋದರು.

ಅಂಬಲಿ ಇಟ್ಟೆ ಉಮಾ. ಅವನ ಲೋಟದಲ್ಲೇ, ಪಕ್ಕಕ್ಕೆ ಒಂದು ಈರುಳ್ಳಿ. ಧೂಪ ಹಾಕಿ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂತೆವು. ಚಿನ್ನು ಬಾಗಿಲ ಸಂದಿಗೆ ಕಿವಿಯಿಟ್ಟು "ಅಪ್ಪ ಕುಡುದ್ರಾ ಅಜ್ಜಿ" ಅಂತ ಕೇಳಿತು. ಕುಡಿದ ಕಣವ್ವ ಅಂದೆ.

ನೀನು ಮೊದಲ ಕಾಗದದಲ್ಲಿ ಕೇಳಿದ್ದಕ್ಕೆ ಉತ್ತರ ಹೇಳಬೇಕಲ್ಲ. ಆ ಚೂರನ್ನು ಇಟ್ಟುಕೊ. ಅದು ದಿಲೀಪ ಅಲ್ಲ, ಅವನಿಗೆ ನಾನು ಎಡೆ ಇಟ್ಟಾಯಿತು. ಅವನು ನಗುತ್ತಾ ಕೊಟ್ಟದ್ದು ಅದು. ನನ್ನ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಹೋಗಲಿ, ರಂಜಿತಳ ಪ್ರಶ್ನೆಗೆ ಸಿಗುವವರೆಗೂ ಬೆಳೆಸು. ದಿನ ಬಿಟ್ಟು ದಿನ ನೀರು ಬದಲಾಯಿಸುವುದನ್ನು ಮರೆಯಬೇಡ. ದೀಪಾವಳಿಗೆ ಊರಿಗೆ ಬಂದರೆ ನಾಗಮಂಗಲಕ್ಕೆ ಹೋಗುವ ಮೊದಲು ಇಲ್ಲಿ ಇಳಿ, ನಿನಗೂ ಒಂದು ಲೋಟ ಇಟ್ಟಿರುತ್ತೇನೆ.

ಸಾಯಂಕಾಲ ಬಸ್ಸಿನ ಹೊತ್ತಾದಾಗ ರಂಜಿತ ಚೀಲದಿಂದ ಡಬ್ಬಿ ತೆಗೆದಳು. ಮಗುವಿಗೆ ಊಟ ತಿನ್ನಿಸುವುದಕ್ಕೆ ಅಂದುಕೊಂಡೆ. ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದಳು. ಡಬ್ಬಿ ಖಾಲಿ ಇತ್ತು, ತೊಳೆದು ಒರೆಸಿ ತಂದಿದ್ದಳು.

"ನಾಳೆ ಬೆಳಿಗ್ಗೆ ಚಿನ್ನುಗೆ ಆಗೋವಷ್ಟು ಅಂಬಲಿ ಹಾಕ್ಕೊಡಿ ಅತ್ತೆ" ಅಂದಳು. "ಮುಚ್ಚಳ ಬಿಗಿಯಾಗಿ ಹಾಕ್ಬ್ಯಾಡಿ. ಉಮಾ ಮೇಡಂ ಹೇಳವ್ರೆ."

ನಿನ್ನ ಅಮ್ಮ,
ಪುಟ್ಟತಾಯಮ್ಮ